ಗ್ಲಾರುಸ್ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಿಟ್ಜರ್ಲೆಂಡ್ ನೋಡಿ ಬಂದವರು ಹೇಳುವ ಊರುಗಳು ಹೆಚ್ಚುಕಡಿಮೆ ಒಂದೇ: ಜ್ಯೂರಿಕ್, ಲುತ್ಸೆರ್ನ್, ಇಂಟರ್‌ಲಾಕನ್. ಗ್ಲಾರುಸ್ ಒಂದು ರಾಜಧಾನಿ ಊರಾದರೂ ಅದರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನಾನು ಆ ಹೆಸರು ಎತ್ತಿದರೆ ಮೊದಲು ಬರುವ ಪ್ರಶ್ನೆ "ಅದೆಲ್ಲಿದೆ?" ಅಂತ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಜನ ಕೇಳುವ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ.

ಗ್ಲಾರುಸ್ ಇರುವುದು ಎಲ್ಲಿ?

ಸ್ವಿಟ್ಜರ್ಲೆಂಡಿನ ಪೂರ್ವ ಭಾಗದಲ್ಲಿ, ಲಿಂತ್ ನದಿಯ ಕಣಿವೆಯಲ್ಲಿ. ಜ್ಯೂರಿಕ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಊರು ಸಮುದ್ರ ಮಟ್ಟದಿಂದ 472 ಮೀಟರ್ ಎತ್ತರದಲ್ಲಿದೆ. ಅಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನ ಅರ್ಧದಷ್ಟು. ಆದರೆ ಊರ ಬೆನ್ನಿಗೇ ಅಂಟಿಕೊಂಡು ನಿಂತಿರುವ ಫೋರ್ಡರ್‌ಗ್ಲೇರ್ನಿಶ್ ಬೆಟ್ಟದ ತುದಿ 2,327 ಮೀಟರ್. ರಸ್ತೆಯಲ್ಲಿ ನಿಂತು ತುದಿ ನೋಡಬೇಕೆಂದರೆ ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕು. ಚಳಿಗಾಲದಲ್ಲಿ ಈ ಬೆಟ್ಟದ ನೆರಳಿನಿಂದಾಗಿ ಊರಿಗೆ ಬಿಸಿಲು ಸಿಗುವುದು ತುಂಬಾ ಸ್ವಲ್ಪ ಹೊತ್ತು.

ಮೂರು ಕಡೆ ಬೆಟ್ಟ, ಉತ್ತರದ ಕಡೆ ಮಾತ್ರ ಬಾಯಿ ತೆರೆದ ಕಣಿವೆ. ಬೇರೆ ಊರಿನ ಸ್ವಿಸ್ ಜನ ಇದನ್ನು ತಮಾಷೆಗೆ 'ತ್ಸೀಗರ್‌ಶ್ಲಿಟ್ಸ್' ಅಂತಾರೆ. ತ್ಸೀಗರ್ ಅಂದರೆ ಇಲ್ಲಿನ ಒಂದು ಬಗೆಯ ಚೀಸ್, ಶ್ಲಿಟ್ಸ್ ಅಂದರೆ ಸೀಳು. ಚೀಸ್ ಬಗ್ಗೆ ಕೆಳಗೆ ಹೇಳುತ್ತೇನೆ.

ರಾಜಧಾನಿ ಅಂತೀರಿ, ಯಾವುದರ ರಾಜಧಾನಿ?

ಗ್ಲಾರುಸ್ ಅನ್ನುವ ಕ್ಯಾಂಟನ್ನಿನದು. ಸ್ವಿಟ್ಜರ್ಲೆಂಡಿನಲ್ಲಿ 26 ಕ್ಯಾಂಟನ್‌ಗಳಿವೆ. ಒಂದೊಂದಕ್ಕೂ ತನ್ನದೇ ಸಂವಿಧಾನ, ಶಾಸನಸಭೆ, ನ್ಯಾಯಾಲಯ ಇದೆ. ನಮ್ಮ ರಾಜ್ಯಗಳ ಹಾಗೆ ಅಂದುಕೊಳ್ಳಿ, ಆದರೆ ಅಳತೆ ಬೇರೆ. ಗ್ಲಾರುಸ್ ಕ್ಯಾಂಟನ್ 685 ಚದರ ಕಿಲೋಮೀಟರ್, ಜನ ಸುಮಾರು 40 ಸಾವಿರ. ನಮ್ಮಲ್ಲಿ ಒಂದು ತಾಲ್ಲೂಕು ಕೇಂದ್ರದಲ್ಲೇ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಅಕ್ಕಪಕ್ಕದ ಊರುಗಳನ್ನು ಸೇರಿಸಿಕೊಂಡ ಮೇಲೂ ರಾಜಧಾನಿಯ ಜನಸಂಖ್ಯೆ 12 ಸಾವಿರದ ಆಸುಪಾಸು.

ಗ್ಲಾರುಸ್ ಬಾವುಟದ ಮೇಲಿರುವ ಆ ಸನ್ಯಾಸಿ ಯಾರು?

ಸಂತ ಫ್ರಿಡೋಲಿನ್. ಐರ್ಲೆಂಡಿನಿಂದ ಬಂದವನು, ರೈನ್ ನದಿಯ ದಡದಲ್ಲಿ ಸೆಕಿಂಗನ್ ಮಠ ಕಟ್ಟಿದವನು ಅಂತ ಕಥೆ. ಇಡೀ ಗ್ಲಾರುಸ್ ಕಣಿವೆ ಬಹಳ ಕಾಲ ಆ ಮಠದ ಆಸ್ತಿಯಾಗಿತ್ತು.

ಅದಕ್ಕೊಂದು ಕಥೆಯೂ ಇದೆ. ಉರ್ಸುಸ್ ಅನ್ನುವ ಜಮೀನುದಾರ ತನ್ನ ಪಾಲನ್ನು ಫ್ರಿಡೋಲಿನ್‌ಗೆ ಬರೆದುಕೊಟ್ಟು ಸತ್ತನಂತೆ. ಅವನ ತಮ್ಮ ಒಪ್ಪಲಿಲ್ಲ. ನ್ಯಾಯಾಲಯ ಸಾಕ್ಷಿ ಕೇಳಿತು. ಫ್ರಿಡೋಲಿನ್ ಸಮಾಧಿಗೆ ಹೋಗಿ, ಉರ್ಸುಸ್‌ನ ಅಸ್ಥಿಪಂಜರವನ್ನೇ ಎಬ್ಬಿಸಿ ಕೈಹಿಡಿದು ಕರೆತಂದ. ಅದು ಸಾಕ್ಷಿ ಹೇಳಿತು! ತಮ್ಮ ಹೆದರಿ ತನ್ನ ಪಾಲನ್ನೂ ಬಿಟ್ಟುಕೊಟ್ಟನಂತೆ. ಜಮೀನಿನ ಜಗಳ ಎಲ್ಲ ಕಡೆಯೂ ಒಂದೇ, ಅಲ್ವಾ? ಸಾಕ್ಷಿ ಮಾತ್ರ ಇಂಥದ್ದು ಎಲ್ಲೂ ಸಿಗಲಿಕ್ಕಿಲ್ಲ.

ಗ್ಲಾರುಸ್ ಸ್ವಿಟ್ಜರ್ಲೆಂಡಿಗೆ ಸೇರಿದ್ದು ಯಾವಾಗ?

1352ರಲ್ಲಿ ಸ್ವಿಸ್ ಒಕ್ಕೂಟದ ಜೊತೆ ಒಪ್ಪಂದ ಆಯಿತು. ಆದರೆ ಹಾಬ್ಸ್‌ಬುರ್ಗ್ ದೊರೆಗಳು ಈ ಕಣಿವೆಯನ್ನು ಸುಲಭವಾಗಿ ಬಿಡಲಿಲ್ಲ. 1388ರ ಏಪ್ರಿಲ್ 9ರಂದು ನೇಫೆಲ್ಸ್ ಅನ್ನುವ ಕಡೆ ಯುದ್ಧ ನಡೆಯಿತು. ಎದುರಿಗಿದ್ದ ಸೈನ್ಯ ಹಲವು ಪಟ್ಟು ದೊಡ್ಡದು. ಆದರೂ ಗ್ಲಾರುಸ್ ಜನ ಇಳಿಜಾರಿಗೆ ಹತ್ತಿ ಕಲ್ಲು ಉರುಳಿಸಿ ಗೆದ್ದರು. 1395ರಲ್ಲಿ ಸೆಕಿಂಗನ್ ಮಠಕ್ಕೆ ದುಡ್ಡು ಕೊಟ್ಟು ಅದರ ಹಕ್ಕುಗಳಿಂದಲೂ ಬಿಡಿಸಿಕೊಂಡರು.

ಇವತ್ತಿಗೂ ಏಪ್ರಿಲ್ ತಿಂಗಳ ಮೊದಲ ಗುರುವಾರ ನೇಫೆಲ್ಸ್‌ಗೆ ಮೆರವಣಿಗೆ ಹೋಗುತ್ತದೆ. ಆ ದಿನ ಕ್ಯಾಂಟನ್ನಿಗೆ ರಜೆ. ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಎಲ್ಲರ ಮುಂದೆ ಓದುತ್ತಾರೆ.

ಯುರೋಪಿನ ಊರು ಅಂದಮೇಲೆ ಹಳೇ ಓಣಿಗಳಿರಬೇಕಲ್ಲ? ಇಲ್ಲಿ ಯಾಕೆ ಎಲ್ಲ ರಸ್ತೆಯೂ ನೆಟ್ಟಗೆ?

ಹಳೇ ಊರು ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು, ಅದಕ್ಕೆ.

1861ರ ಮೇ 10ರ ರಾತ್ರಿ. ದಕ್ಷಿಣದಿಂದ ಬಿಸಿಗಾಳಿ ಜೋರಾಗಿ ಬೀಸುತ್ತಿತ್ತು. ಒಂದು ಕಡೆ ಬೆಂಕಿ ಹತ್ತಿಕೊಂಡಿತು. ಮನೆಗಳು ಒತ್ತೊತ್ತಾಗಿದ್ದವು, ಛಾವಣಿಗೆ ಮರದ ಹಲಗೆ. ಕಿಡಿಗಳನ್ನು ಗಾಳಿ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸುತ್ತಾ ಹೋಯಿತು. ಬೆಳಗಾಗುವಷ್ಟರಲ್ಲಿ 593 ಕಟ್ಟಡಗಳು ಬೂದಿ. ಊರಿನ ಮೂರರಲ್ಲಿ ಎರಡು ಪಾಲು ಹೋಗಿತ್ತು. ಧರ್ಮಸುಧಾರಕ ಜ್ವಿಂಗ್ಲಿ ಒಂದು ಕಾಲಕ್ಕೆ ಉಪದೇಶ ಮಾಡಿದ್ದ ಚರ್ಚು ಹೋಯಿತು, ಸರ್ಕಾರಿ ಕಚೇರಿಗಳು ಹೋದವು. ಎರಡು ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಂದರು.

ದೇಶದ ಮೂಲೆಮೂಲೆಯಿಂದ ದುಡ್ಡು, ಬಟ್ಟೆ, ಧಾನ್ಯ ಬಂತು. ಹೊಸ ಊರಿನ ನಕ್ಷೆ ಹಾಕಿದವರು ಬರ್ನ್‌ಹಾರ್ಡ್ ಸಿಮೋನ್ ಮತ್ತು ಯೋಹಾನ್ ಕಾಸ್ಪರ್ ವೋಲ್ಫ್ ಅನ್ನುವ ಇಬ್ಬರು ವಾಸ್ತುಶಿಲ್ಪಿಗಳು. ಸಿಮೋನ್ ಇದೇ ಕಣಿವೆಯ ಹುಡುಗ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿನ ಅಗಲ ಬೀದಿಗಳನ್ನು ಕಂಡಿದ್ದ. ಇವರಿಬ್ಬರೂ ಚದುರಂಗದ ಮಣೆಯ ಹಾಗೆ ಊರು ಹಾಕಿದರು. ಅಗಲವಾದ ನೇರ ರಸ್ತೆ, ಕಲ್ಲಿನ ಮನೆ, ನಡುನಡುವೆ ಖಾಲಿ ಜಾಗ. ಚೆಂದಕ್ಕೆ ಮಾತ್ರ ಅಲ್ಲ, ಮುಂದೆ ಎಂದಾದರೂ ಬೆಂಕಿ ಬಿದ್ದರೆ ಅದು ರಸ್ತೆ ದಾಟಬಾರದು ಅನ್ನುವ ಲೆಕ್ಕ. ಕೆಲವೇ ವರ್ಷದಲ್ಲಿ ಊರು ಎದ್ದು ನಿಂತಿತು.

ನನ್ನನ್ನು ಕೇಳಿದರೆ, ಗ್ಲಾರುಸ್ ನೋಡುವುದಕ್ಕೆ ಸ್ವಲ್ಪ ಗಂಭೀರ ಊರು. ಪಕ್ಕಾ ಲೆಕ್ಕದಲ್ಲಿ ಕಟ್ಟಿದ ಸಾಲು ಮನೆಗಳು, ಹಿಂದೆ ಒರಟು ಬೆಟ್ಟ. ಪೋಸ್ಟ್‌ಕಾರ್ಡಿನ ಸ್ವಿಟ್ಜರ್ಲೆಂಡ್ ಹುಡುಕಿ ಬಂದವರಿಗೆ ಮೊದಲು ಸಪ್ಪೆ ಅನ್ನಿಸಬಹುದು. ಬೆಂಕಿಯ ಕಥೆ ಗೊತ್ತಿದ್ದರೆ ಅದೇ ರಸ್ತೆ ಬೇರೆ ಥರ ಕಾಣುತ್ತದೆ.

ಈ ಬೆಂಕಿ ಇನ್ನೊಂದು ಕೆಲಸವನ್ನೂ ಮಾಡಿತು. ಊರಿಗೆ ಊರೇ ಸುಟ್ಟರೆ ವಿಮೆ ಕಂಪನಿಗಳಿಗೇ ವಿಮೆ ಬೇಕು ಅನ್ನುವುದು ಎಲ್ಲರಿಗೂ ಅರ್ಥವಾಯಿತು. 1863ರಲ್ಲಿ ಜ್ಯೂರಿಕ್‌ನಲ್ಲಿ ಸ್ವಿಸ್ ರೀ ಕಂಪನಿ ಶುರುವಾಗಿದ್ದಕ್ಕೆ ಇದೇ ಹಿನ್ನೆಲೆ. ಇವತ್ತು ಅದು ಜಗತ್ತಿನ ಅತಿ ದೊಡ್ಡ ಮರುವಿಮೆ ಕಂಪನಿಗಳಲ್ಲಿ ಒಂದು.

ಆ ಬಿಸಿಗಾಳಿ ಏನು? ಹಿಮದ ನಾಡಲ್ಲಿ ಬಿಸಿಗಾಳಿ ಎಲ್ಲಿಂದ ಬಂತು?

ಅದರ ಹೆಸರು ಫ್ಯೋನ್. ಆಲ್ಪ್ಸ್‌ನ ದಕ್ಷಿಣ ಭಾಗದಲ್ಲಿ ತೇವದ ಗಾಳಿ ಬೆಟ್ಟ ಹತ್ತುತ್ತದೆ. ಹತ್ತುತ್ತಾ ತಣ್ಣಗಾಗಿ ಮಳೆ ಸುರಿಸಿ ನೀರೆಲ್ಲ ಅಲ್ಲೇ ಇಳಿಸುತ್ತದೆ. ಒಣಗಿದ ಗಾಳಿ ಈ ಕಡೆಗೆ ಇಳಿಯುವಾಗ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಕಾಯುತ್ತದೆ. ಕಿರಿದಾದ ಕಣಿವೆಗೆ ನುಗ್ಗಿದಾಗ ಅದರ ವೇಗವೂ ಏರುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಅರ್ಧ ಕಥೆ ಇದೇ: ಆಗುಂಬೆಯಲ್ಲಿ ಸುರಿಯುವ ಮಳೆ ಘಟ್ಟದ ಪೂರ್ವಕ್ಕೆ ಹೋದ ಹಾಗೆಲ್ಲ ಕಡಿಮೆಯಾಗುತ್ತದೆ.

ಫ್ಯೋನ್ ಬೀಸಿದರೆ ಹಿಮ ಒಂದೇ ದಿನದಲ್ಲಿ ಕರಗುತ್ತದೆ, ಆಕಾಶ ತಿಳಿಯಾಗಿ ದೂರದ ಬೆಟ್ಟ ಹತ್ತಿರ ಬಂದ ಹಾಗೆ ಕಾಣುತ್ತದೆ, ಕೆಲವರಿಗೆ ತಲೆನೋವು. ಹಿಂದೆ ಫ್ಯೋನ್ ದಿನಗಳಲ್ಲಿ ಊರೂರಲ್ಲಿ ಕಾವಲು ತಿರುಗುತ್ತಿದ್ದರು. ಬಯಲಲ್ಲಿ ಬೆಂಕಿ ಹಚ್ಚುವ ಹಾಗಿರಲಿಲ್ಲ. ಅಂದಹಾಗೆ, ಜರ್ಮನ್ನಿನಲ್ಲಿ ಕೂದಲು ಒಣಗಿಸುವ ಯಂತ್ರಕ್ಕೂ ಫ್ಯೋನ್ ಅಂತಲೇ ಹೆಸರು.

ಒಂದೇ ಚರ್ಚಿನಲ್ಲಿ ಎರಡು ಪಂಗಡದವರು ಪೂಜೆ ಮಾಡುತ್ತಿದ್ದರಂತೆ, ನಿಜವೇ?

ನಿಜ. ಸ್ವಿಸ್ ಧರ್ಮಸುಧಾರಣೆಯ ನಾಯಕ ಹುಲ್ಡ್ರಿಶ್ ಜ್ವಿಂಗ್ಲಿ 1506ರಿಂದ 1516ರವರೆಗೆ ಇಲ್ಲೇ ಪಾದ್ರಿಯಾಗಿದ್ದ. ಮುಂದೆ ಕಣಿವೆಯ ಹೆಚ್ಚಿನವರು ಹೊಸ ಪಂಥ ಹಿಡಿದರು, ಕೆಲವರು ಕ್ಯಾಥೊಲಿಕ್ ಆಗೇ ಉಳಿದರು. ಜಗಳ ಇಲ್ಲದೆ ಇರಲಿಲ್ಲ. ಒಂದು ಹಂತದಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಜನಸಭೆಯನ್ನೇ ಬೇರೆ ಮಾಡಿಕೊಂಡಿದ್ದರು. 1836ರ ಸಂವಿಧಾನ ಬಂದಮೇಲೆ ಆ ಒಡಕು ಮುಗಿಯಿತು. ಆದರೆ ರಾಜಧಾನಿಯಲ್ಲಿ ಚರ್ಚು ಮಾತ್ರ ಒಂದೇ, ಸರದಿಯ ಮೇಲೆ ಬಳಸುತ್ತಿದ್ದರು. ಬೆಂಕಿಯ ನಂತರ ಎರಡು ಗೋಪುರದ ದೊಡ್ಡ ಚರ್ಚು ಕಟ್ಟಿದಾಗಲೂ ಹಂಚಿಕೊಂಡೇ ಕಟ್ಟಿದರು. ಕ್ಯಾಥೊಲಿಕರು ಬೇರೆ ಚರ್ಚು ಕಟ್ಟಿಕೊಂಡದ್ದು 1960ರ ದಶಕದಲ್ಲಿ.

ಮೈದಾನದಲ್ಲಿ ನಿಂತು ಕೈ ಎತ್ತಿ ಕಾನೂನು ಮಾಡುತ್ತಾರಂತೆ?

ಹೌದು, ಈಗಲೂ. ಇದಕ್ಕೆ ಲಾಂಡ್ಸ್‌ಗೆಮೈಂಡೆ ಅಂತಾರೆ. ಮೇ ತಿಂಗಳ ಮೊದಲ ಭಾನುವಾರ, ಊರ ನಡುವಿನ ತ್ಸೌನ್‌ಪ್ಲಾಟ್ಸ್ ಅನ್ನುವ ಬಯಲಲ್ಲಿ. ಇದರ ದಾಖಲೆ 1387ರಿಂದಲೇ ಸಿಗುತ್ತದೆ. ಇಡೀ ಸ್ವಿಟ್ಜರ್ಲೆಂಡಿನಲ್ಲಿ ಕ್ಯಾಂಟನ್ ಮಟ್ಟದಲ್ಲಿ ಇಂಥ ಸಭೆ ಉಳಿದಿರುವುದು ಎರಡೇ ಕಡೆ: ಇಲ್ಲಿ ಮತ್ತು ಆಪೆನ್‌ಜೆಲ್ ಇನ್ನರ್‌ರೋಡನ್‌ನಲ್ಲಿ.

ನಡೆಯುವುದು ಹೀಗೆ. ವಾರಗಳ ಮುಂಚೆಯೇ ಎಲ್ಲ ವಿಷಯಗಳ ಪುಸ್ತಕವೊಂದು ಮತದಾರರ ಮನೆಗೆ ಬರುತ್ತದೆ. ಆ ದಿನ ಮರದ ಕಟಕಟೆ ಹಾಕಿದ ವೃತ್ತದೊಳಗೆ ಸಾವಿರಾರು ಜನ ಸೇರುತ್ತಾರೆ. ನಡುವೆ ಕ್ಯಾಂಟನ್ನಿನ ಮುಖ್ಯಸ್ಥ ಕತ್ತಿ ಹಿಡಿದು ನಿಂತಿರುತ್ತಾನೆ. ಅವನನ್ನು ಲಾಂಡಮ್ಮನ್ ಅಂತ ಕರೆಯುತ್ತಾರೆ. ಮಕ್ಕಳು ವೇದಿಕೆಯ ಹತ್ತಿರವೇ ಕೂತು ನೋಡುತ್ತಾರೆ. ಮತದಾರರಲ್ಲಿ ಯಾರು ಬೇಕಾದರೂ ಮೇಲೆ ಹತ್ತಿ ಮಾತಾಡಬಹುದು, ಸರ್ಕಾರದ ಪ್ರಸ್ತಾಪವನ್ನು ಅಲ್ಲೇ ತಿದ್ದಬೇಕು ಅಂತ ಕೇಳಬಹುದು. ಆಮೇಲೆ ಎಲ್ಲರೂ ಮತದ ಚೀಟಿ ಹಿಡಿದು ಕೈ ಎತ್ತುತ್ತಾರೆ. ಲಾಂಡಮ್ಮನ್ ಕಣ್ಣಂದಾಜಿನಲ್ಲಿ ಯಾವ ಕಡೆ ಜಾಸ್ತಿ ಅಂತ ಹೇಳುತ್ತಾನೆ. ಅವನು ಹೇಳಿದ್ದೇ ಕೊನೆ.

"ಇದು ಸುಮ್ನೆ ಹಳೇ ಸಂಪ್ರದಾಯ, ತೋರಿಕೆಗೆ" ಅನ್ನುವವರಿಗೆ ಮೂರು ಉದಾಹರಣೆ ಸಾಕು.

1864ರಲ್ಲಿ ಇದೇ ಸಭೆ ಕಾರ್ಖಾನೆ ಕಾನೂನು ಮಾಡಿತು. ದೊಡ್ಡವರಿಗೂ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸ ಕೂಡದು, ರಾತ್ರಿ ಕೆಲಸ ಕೂಡದು ಅಂತ. ಮಿಲ್ಲಿನ ಮಾಲೀಕರೂ ಕೂಲಿಯವರೂ ಒಂದೇ ಬಯಲಲ್ಲಿ ನಿಂತು ಹಾಕಿದ ಮತ ಅದು. 1877ರಲ್ಲಿ ಇಡೀ ದೇಶಕ್ಕೆ ಬಂದ ಕಾನೂನಿಗೆ ಇದೇ ಮೊದಲ ಹೆಜ್ಜೆ.

2006ರದ್ದು ನನಗೆ ತುಂಬಾ ಇಷ್ಟವಾದ ಪ್ರಸಂಗ. ಕ್ಯಾಂಟನ್ನಿನಲ್ಲಿ 25 ಪುರಸಭೆ, ಪಂಚಾಯಿತಿಗಳಿದ್ದವು. ಸರ್ಕಾರ ಅಳೆದು ಸುರಿದು "10ಕ್ಕೆ ಇಳಿಸೋಣ" ಅಂದಿತು. ಒಬ್ಬ ಸಾಮಾನ್ಯ ನಾಗರಿಕ ಎದ್ದು "10 ಯಾಕೆ, 3 ಸಾಕು" ಅಂದ. ಸಭೆ 3ಕ್ಕೆ ಕೈ ಎತ್ತಿಬಿಟ್ಟಿತು! ಸರ್ಕಾರಕ್ಕೇ ಗಾಬರಿ. ಮರುವರ್ಷ ಇದಕ್ಕೆಂದೇ ಇನ್ನೊಂದು ವಿಶೇಷ ಸಭೆ ಕರೆದರು. ಜನ ಮತ್ತೂ ಗಟ್ಟಿಯಾಗಿ 3 ಅಂದರು. 2011ರ ಜನವರಿ 1ರಿಂದ ಉತ್ತರ ಗ್ಲಾರುಸ್, ಗ್ಲಾರುಸ್, ದಕ್ಷಿಣ ಗ್ಲಾರುಸ್ ಅಂತ ಮೂರೇ ಇವೆ.

2007ರಲ್ಲಿ ಮತ ಹಾಕುವ ವಯಸ್ಸನ್ನು 16ಕ್ಕೆ ಇಳಿಸಿದರು. ಸ್ವಿಟ್ಜರ್ಲೆಂಡಿನಲ್ಲಿ ಹೀಗೆ ಮಾಡಿದ ಮೊದಲ ಕ್ಯಾಂಟನ್ ಇದು.

ಎಲ್ಲವೂ ಹೊಗಳುವಂಥದ್ದೇ ಅಂತ ಅಲ್ಲ. ಹೆಂಗಸರು ಈ ವೃತ್ತದೊಳಗೆ ಬರಲು 1971ರವರೆಗೆ ಕಾಯಬೇಕಾಯಿತು. ಮತ್ತೆ, ಪಕ್ಕದ ಮನೆಯವರ ಎದುರಿಗೇ ಕೈ ಎತ್ತುವಾಗ ಗುಟ್ಟಿನ ಮತದ ಮಾತೇ ಇಲ್ಲ.

ಆನ್ನಾ ಗ್ಯೋಲ್ಡಿ ಯಾರು?

ಮನೆಕೆಲಸದ ಹೆಂಗಸು. 1734ರಲ್ಲಿ ಸೆನ್‌ವಾಲ್ಡ್ ಅನ್ನುವ ಊರಲ್ಲಿ ಬಡವರ ಮನೆಯಲ್ಲಿ ಹುಟ್ಟಿದವಳು. ಗ್ಲಾರುಸ್‌ನಲ್ಲಿ ವೈದ್ಯನೂ ನ್ಯಾಯಾಧೀಶನೂ ಆಗಿದ್ದ ಯೋಹಾನ್ ಯಾಕೋಬ್ ಚೂಡಿಯ ಮನೆಯಲ್ಲಿ ಕೆಲಸಕ್ಕಿದ್ದಳು. ಮಗಳ ಹಾಲಿನ ಬಟ್ಟಲಿನಲ್ಲಿ ಸೂಜಿ ಸಿಕ್ಕವು, ಮಾಟ ಮಾಡಿದ್ದಾಳೆ ಅಂತ ದೂರು. ಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದರು. 1782ರ ಜೂನ್ 13ರಂದು ಕತ್ತಿಯಿಂದ ತಲೆ ಕಡಿದರು. ಯುರೋಪಿನಲ್ಲಿ ಮಾಟದ ಆರೋಪದಿಂದ ಕೋರ್ಟಿನ ಮೂಲಕ ಜೀವ ಕಳೆದುಕೊಂಡ ಕೊನೆಯವರಲ್ಲಿ ಇವಳು ಒಬ್ಬಳು. ಅದೂ ಜ್ಞಾನೋದಯದ ಕಾಲ ಅಂತ ಇತಿಹಾಸದ ಪುಸ್ತಕಗಳು ಹೇಳುವ ದಿನಗಳಲ್ಲಿ. ನ್ಯಾಯಾಲಯಕ್ಕೂ ಒಳಗೊಳಗೆ ನಾಚಿಕೆ ಇದ್ದಿರಬೇಕು. ತೀರ್ಪಿನಲ್ಲಿ ಮಾಟ ಅನ್ನದೆ ವಿಷ ಹಾಕಿದ್ದು ಅಂತ ಬರೆದರು.

2008ರಲ್ಲಿ ಗ್ಲಾರುಸ್ ಶಾಸನಸಭೆ ಅವಳು ತಪ್ಪಿತಸ್ಥಳಲ್ಲ ಅಂತ ಅಧಿಕೃತವಾಗಿ ಹೇಳಿತು. 226 ವರ್ಷ ತಡವಾಗಿ. ಪಕ್ಕದ ಎನ್ನೆಂಡಾದಲ್ಲಿ ಅವಳ ಹೆಸರಿನ ವಸ್ತುಸಂಗ್ರಹಾಲಯ ಇದೆ.

ಇಲ್ಲಿನ ಬಟ್ಟೆಯ ಮೇಲೆ ನಮ್ಮ ಮಾವಿನಕಾಯಿ ಚಿತ್ತಾರ ಹೇಗೆ ಬಂತು?

ಸೀರೆ ಅಂಚಿನ ಮಾವಿನಕಾಯಿ ಗೊತ್ತಲ್ಲ? ಅದೇ ಬಾಗಿದ ತುದಿಯ ಚಿತ್ತಾರ ಗ್ಲಾರುಸ್‌ನ ಹತ್ತಿ ಕರವಸ್ತ್ರದ ಮೇಲೂ ಇದೆ. ಹೆಸರು ಗ್ಲಾರ್ನರ್ ಟ್ಯುವೆಖ್ಲಿ. ಹೆಚ್ಚಾಗಿ ಕೆಂಪು ಬಟ್ಟೆ. ಕುತ್ತಿಗೆಗೆ ಕಟ್ಟುತ್ತಾರೆ, ತಲೆಗೆ ಕಟ್ಟುತ್ತಾರೆ.

ಹತ್ತಿ ಬಟ್ಟೆಗೆ ಬಣ್ಣ ಕಚ್ಚುವಂತೆ ಅಚ್ಚು ಹಾಕುವ ವಿದ್ಯೆಯಲ್ಲಿ ಭಾರತ ಮುಂದಿತ್ತು. ಆ ಬಟ್ಟೆಗೆ ಯುರೋಪಿನಲ್ಲಿ 'ಇಂಡಿಯೆನ್' ಅಂತಲೇ ಹೆಸರು ಬಿತ್ತು. ಯುರೋಪಿನವರು ನೋಡಿ ಕಲಿತರು. ಗ್ಲಾರುಸ್‌ನಲ್ಲಿ ಮೊದಲ ಅಚ್ಚಿನ ಕಾರ್ಖಾನೆ 1740ರಲ್ಲಿ ಶುರುವಾಯಿತು. ಮಾವಿನಕಾಯಿ ಚಿತ್ತಾರ ಕಾಶ್ಮೀರದ ಶಾಲುಗಳ ಜೊತೆ ಯುರೋಪಿಗೆ ಬಂದದ್ದು. ಆಮೇಲೆ ತಮಾಷೆ ನೋಡಿ: 19ನೇ ಶತಮಾನದಲ್ಲಿ ಈ ಕಣಿವೆಯ ಬಟ್ಟೆ ಟರ್ಕಿಗೆ ಹೋಯಿತು, ಭಾರತಕ್ಕೂ ಹೋಯಿತು, ಜಾವಾ ದ್ವೀಪಕ್ಕೆ ಬಾಟಿಕ್‌ನ ನಕಲಾಗಿಯೂ ಹೋಯಿತು. ಕಲಿಸಿದವರ ಮನೆಗೇ ಮಾರಾಟ!

1860ರ ದಶಕದಲ್ಲಿ 20ಕ್ಕೂ ಹೆಚ್ಚು ಅಚ್ಚಿನ ಕಾರ್ಖಾನೆಗಳಿದ್ದವು. ಸಾವಿರಾರು ಜನರ ಹೊಟ್ಟೆಪಾಡು ಅದರಿಂದ. ಮರದ ಅಚ್ಚಿಗೆ ಬಣ್ಣ ಸವರಿಕೊಡುವ ಕೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳುತ್ತಿದ್ದರು. ಮೇಲಿನ ಕಾರ್ಖಾನೆ ಕಾನೂನಿನ ಹಿಂದೆ ಇಂಥ ದಿನಗಳ ಅನುಭವ ಇತ್ತು. ಎತ್ತರದ ಮರದ ಗೋಪುರಗಳನ್ನು ಕಟ್ಟಿ ಉದ್ದುದ್ದ ಬಟ್ಟೆಯನ್ನು ಮೇಲಿನಿಂದ ಇಳಿಬಿಟ್ಟು ಒಣಗಿಸುತ್ತಿದ್ದರು. ಅಂಥ ಗೋಪುರಕ್ಕೆ ಹೆಂಗಿತುರ್ಮ್ ಅಂತಾರೆ. ಆನ್ನಾ ಗ್ಯೋಲ್ಡಿ ವಸ್ತುಸಂಗ್ರಹಾಲಯ ಇರುವುದು ಅಂಥದೊಂದರಲ್ಲೇ.

ಯಂತ್ರದ ಅಚ್ಚು, ಬೇರೆ ದೇಶಗಳ ಸುಂಕ, ಬದಲಾದ ಫ್ಯಾಷನ್ ಎಲ್ಲ ಸೇರಿ ಈ ಉದ್ಯಮ ಕುಸಿಯಿತು. ಕರವಸ್ತ್ರ ಮಾತ್ರ ಉಳಿದಿದೆ.

ಲಿಂತ್ ನದಿಯ ದಾರಿ ಬದಲಿಸಿದರು ಅಂತಾರಲ್ಲ?

ಲಿಂತ್ ಮೊದಲು ವಾಲನ್ ಸರೋವರದ ಪಕ್ಕದಿಂದ ಹಾದುಹೋಗುತ್ತಿತ್ತು. ಬೆಟ್ಟದಿಂದ ತಂದ ಕಲ್ಲು, ಜಲ್ಲಿ ಕೆಳಗಡೆ ತುಂಬಿ ನೀರಿಗೆ ದಾರಿ ಕಟ್ಟಿತು. ಸರೋವರ ಏರಿತು, ಬಯಲು ಕೊಚ್ಚೆಯಾಯಿತು, ಮಲೇರಿಯಾ ಬಂತು. 1807ರಿಂದ 1816ರ ನಡುವೆ ಹಾನ್ಸ್ ಕೊನ್ರಾಡ್ ಎಷರ್ ನದಿಯನ್ನು ಸರೋವರದೊಳಕ್ಕೇ ತಿರುಗಿಸಿದ. ಜಲ್ಲಿ ಸರೋವರದ ತಳಕ್ಕೆ ಬೀಳಲಿ, ತಿಳಿನೀರು ಇನ್ನೊಂದು ಕಾಲುವೆಯಲ್ಲಿ ಹೋಗಲಿ ಅನ್ನುವ ಸರಳ ಉಪಾಯ. ದುಡ್ಡಿಗೆ ಷೇರು ಮಾರಿದರು. ಅವನು 1823ರಲ್ಲಿ ಸತ್ತಮೇಲೆ ಅವನ ಮನೆತನಕ್ಕೆ 'ಫೋನ್ ಡೆರ್ ಲಿಂತ್', ಅಂದರೆ ಲಿಂತ್‌ನವರು, ಅನ್ನುವ ಬಿರುದು ಸಿಕ್ಕಿತು.

ಇಲ್ಲಿನ ಬೆಟ್ಟಗಳು ತಲೆಕೆಳಗು ಅನ್ನುವುದು ಏನು?

ಸಾಮಾನ್ಯವಾಗಿ ಹಳೇ ಕಲ್ಲು ಕೆಳಗೆ, ಹೊಸ ಕಲ್ಲು ಮೇಲೆ. ಇಲ್ಲಿ ಉಲ್ಟಾ. 25 ಕೋಟಿ ವರ್ಷಕ್ಕೂ ಹಳೆಯ ಬಂಡೆ ಮೇಲೆ ಕೂತಿದೆ, ಅದರ ಕೆಳಗೆ 5 ಕೋಟಿ ವರ್ಷಕ್ಕಿಂತ ಈಚಿನದು. ಆಲ್ಪ್ಸ್ ಏಳುವಾಗ ಹಳೇ ಪದರ ಜಾರಿಕೊಂಡು ಬಂದು ಹೊಸದರ ಮೇಲೆ ಹತ್ತಿತು. ಎಲ್ಮ್ ಹಳ್ಳಿಯ ಮೇಲಿನ ಚಿಂಗೆಲ್‌ಹೋರ್ನ್ ಶಿಖರಗಳಲ್ಲಿ ಆ ಗಡಿ ಗೆರೆ ಎಳೆದ ಹಾಗೆ ಕಣ್ಣಿಗೇ ಕಾಣುತ್ತದೆ. 2008ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಗೆ ಸೇರಿಸಿತು. ಅದೇ ಶಿಖರದಲ್ಲಿ ಒಂದು ತೂತಿದೆ, ಮಾರ್ಟಿನ್ಸ್‌ಲೋಖ್. ವರ್ಷದಲ್ಲಿ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಬೆಳಗಿನ ಬಿಸಿಲು ಆ ತೂತಿನಿಂದ ತೂರಿ ನೇರ ಎಲ್ಮ್ ಚರ್ಚಿನ ಮೇಲೆ ಬೀಳುತ್ತದೆ.

ಎಲ್ಮ್‌ಗೆ ಒಂದು ನೋವಿನ ನೆನಪೂ ಇದೆ. ಅಲ್ಲಿ ಮಕ್ಕಳು ಬರೆಯುವ ಸ್ಲೇಟಿನ ಕಲ್ಲು ತೆಗೆಯುತ್ತಿದ್ದರು. ಬೆಟ್ಟದ ಬುಡ ಕೊರೆದು ಕೊರೆದು, 1881ರ ಸೆಪ್ಟೆಂಬರ್ 11ರ ಭಾನುವಾರ ಸಂಜೆ ಬೆಟ್ಟವೇ ಕುಸಿಯಿತು. 115 ಜನ ಸತ್ತರು.

ಆ ಹಸಿರು ಚೀಸ್ ರುಚಿ ಹೇಗಿರುತ್ತದೆ?

ಶಾಬ್‌ತ್ಸೀಗರ್. ಕೆನೆ ತೆಗೆದ ಹಾಲಿನಿಂದ ಮಾಡುವುದು, ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಗಟ್ಟಿ, ಹಸಿರು, ಚಿಕ್ಕ ಗೋಪುರದ ಆಕಾರ. ತುರಿದು ಬೆಣ್ಣೆಗೆ ಕಲಸಿ ಬ್ರೆಡ್ಡಿಗೆ ಹಚ್ಚುತ್ತಾರೆ. ಹಸಿರು ಬರುವುದು ನೀಲಿ ಹೂವಿನ ಮೆಂತ್ಯದಿಂದ. ನಮ್ಮ ಮೆಂತ್ಯದ್ದೇ ಕುಲ. ಹಾಗಾಗಿ ಮೂಗಿಗೆ ಹಿಡಿದರೆ ನಮಗೆ ಪರಿಚಿತ ವಾಸನೆ, ಯುರೋಪಿನ ಬೇರೆಯವರು ಮುಖ ಹಿಂಡುತ್ತಾರೆ. 1463ರಲ್ಲೇ ಲಾಂಡ್ಸ್‌ಗೆಮೈಂಡೆ ಇದನ್ನು ಹೇಗೆ ಮಾಡಬೇಕು, ಹೇಗೆ ಮುದ್ರೆ ಒತ್ತಬೇಕು ಅಂತ ನಿಯಮ ಹಾಕಿತ್ತು. ಚೀಸಿಗೂ ಕೈ ಎತ್ತಿದವರು!

ಅಮೆರಿಕದಲ್ಲೂ ಒಂದು ಗ್ಲಾರುಸ್ ಇದೆಯಂತೆ?

ವಿಸ್ಕಾನ್ಸಿನ್ ರಾಜ್ಯದ ನ್ಯೂ ಗ್ಲಾರುಸ್. 1845ರಲ್ಲಿ ಬಡತನ ತಾಳಲಾರದೆ ಹೋದವರು ಕಟ್ಟಿದ್ದು.

ಒಂದೇ ದಿನ ಸಮಯ ಇದ್ದರೆ ಏನು ನೋಡಲಿ?

ಜ್ಯೂರಿಕ್ ಮುಖ್ಯ ನಿಲ್ದಾಣದಿಂದ ಲಿಂತಾಲ್ ಕಡೆ ಹೋಗುವ ಎಸ್25 ರೈಲು ಹತ್ತಿ, ಬದಲಿಸದೆ ಗ್ಲಾರುಸ್‌ನಲ್ಲಿ ಇಳಿಯಬಹುದು. ನಿಲ್ದಾಣದ ಎದುರಿನ ಉದ್ಯಾನದಲ್ಲಿ 1952ರ ಕಲಾಭವನ ಇದೆ. ಅಲ್ಲಿಂದ ಚರ್ಚು, ನ್ಯಾಯಾಲಯ, ತ್ಸೌನ್‌ಪ್ಲಾಟ್ಸ್ ಎಲ್ಲ ನಡೆದೇ ಮುಗಿಯುತ್ತದೆ. ಸಭೆ ಇಲ್ಲದ ದಿನ ತ್ಸೌನ್‌ಪ್ಲಾಟ್ಸ್ ಸುಮ್ನೆ ಒಂದು ಖಾಲಿ ಬಯಲು, ನಿರಾಸೆಯಾಗಬೇಡಿ. ಮಧ್ಯಾಹ್ನ ಬೇಸಿಗೆಯ ಬಸ್ಸಿನಲ್ಲಿ ಕ್ಲ್ಯೋನ್‌ತಾಲ್ ಸರೋವರಕ್ಕೆ ಹೋಗಿ.

ಗ್ಲೇರ್ನಿಶ್ ಬೆಟ್ಟದ ಮೇಲೆ ಚೌಕದ ಹಾಗೆ ಕಾಣುವ ಹಿಮದ ತುಂಡು ಹುಡುಕಿ. ಅದರ ಹೆಸರು ವ್ರೆನೆಲಿಸ್‌ಗೇರ್ಟ್ಲಿ, ಅಂದರೆ ವ್ರೆನೆಲಿಯ ಕೈತೋಟ. ಬೆಟ್ಟದ ತುದಿಯಲ್ಲೇ ತೋಟ ಮಾಡುತ್ತೇನೆ ಅಂತ ಹಟ ಹಿಡಿದ ಹುಡುಗಿ ಅವಳು. ಹಿಮ ಬಿದ್ದರೆ ಇರಲಿ ಅಂತ ತಾಮ್ರದ ಹಂಡೆ ತಲೆ ಮೇಲೆ ಕವುಚಿಕೊಂಡು ಹೋದಳಂತೆ. ಹಂಡೆಯ ಮೇಲೆ ಹಿಮ ಬಿದ್ದು ಬಿದ್ದು ಏಳಲಾರದೆ ಅಲ್ಲೇ ಉಳಿದಳು.